ಹಸುವಿನ ದಾರಿ, ಹಸಿವಿನ ದಾರಿ: ಕೆರಿ ಬೆಟ್ಟಗಳಲ್ಲಿ ನಾಲ್ಕು ದಿನದ ಸೈಕಲ್ ಪ್ರಯಾಣ

ಹೀಲಿ ಪಾಸ್ ಎಂಬ ಘಟ್ಟದ ರಸ್ತೆ ಹತ್ತುವಾಗ ನನಗೆ ಕಾಲು ನೋಯಲಿಲ್ಲ. ಅದೇ ದಿನ ಬೆಳಗ್ಗೆ, ಅದರ ಮೂರನೇ ಒಂದು ಭಾಗದಷ್ಟೂ ಎತ್ತರ ಇಲ್ಲದ ಒಂದು ದಿಬ್ಬದಲ್ಲಿ ಸೈಕಲ್ಲಿಂದ ಇಳಿದು, ಏದುಸಿರು ಬಿಡುತ್ತಾ ತಳ್ಳಿದ್ದೆ. ಪುಟ್ಟ ದಿಬ್ಬ ಸೋಲಿಸಿತು, ದೊಡ್ಡ ಬೆಟ್ಟ ಸಲೀಸಾಗಿ ಹತ್ತಿಸಿಕೊಂಡಿತು. ಯಾಕೆ ಹೀಗೆ ಅಂತ ಸಂಜೆ ನಕ್ಷೆ ಬಿಡಿಸಿಕೊಂಡು ಕೂತಾಗ ತಿಳಿಯಿತು. ಐರ್ಲೆಂಡಿನ ಗುಡ್ಡಗಾಡಿನಲ್ಲಿ ಸೈಕಲ್ ಹೊಡೆಯಬೇಕು ಅನ್ನುವವರಿಗೆ ನಾನು ಹೇಳಬೇಕಾದ್ದು ಹೆಚ್ಚುಕಡಿಮೆ ಅದೇ.

ನಾನು ತೀರ್ಥಹಳ್ಳಿ ಕಡೆಯ ಜೀವ. ಡಬ್ಲಿನ್‌ಗೆ ಬಂದು ಒಂಬತ್ತು ವರ್ಷ ಆಯಿತು. ಇಲ್ಲಿ ಕನ್ನಡದವರು ಸುಮಾರು ಜನ ಇದ್ದೇವೆ. ಊರಿಂದ ಯಾರಾದರೂ ಬಂದರೆ ಕಾರಿನಲ್ಲಿ ಕೆರಿ ಜಿಲ್ಲೆ ತೋರಿಸುವುದು ನಮ್ಮಲ್ಲಿ ವಾಡಿಕೆ. ರಿಂಗ್ ಆಫ್ ಕೆರಿ ಅಂತ ಸುಮಾರು 180 ಕಿ.ಮೀ. ಸುತ್ತು. ಬೆಳಗ್ಗೆ ಹೊರಟರೆ ಸಂಜೆಗೆ ಮುಗಿದೇ ಹೋಗುತ್ತದೆ. ಹಾಗೆ ನಾಲ್ಕೈದು ಸಲ ಹೋಗಿದ್ದೇನೆ. ಪ್ರತಿ ಸಲವೂ ಕಣ್ಣು ಹೋಗುತ್ತಿದ್ದದ್ದು ಮುಖ್ಯ ರಸ್ತೆಯಿಂದ ಪಕ್ಕಕ್ಕೆ ಹೊರಳುವ ಸಣ್ಣ ದಾರಿಗಳ ಮೇಲೆ. ಎರಡೂ ಕಡೆ ಎದೆಮಟ್ಟದ ಬೇಲಿ, ನಡುವೆ ಹುಲ್ಲು ಬೆಳೆದ ಡಾಂಬರು, ತಿರುವಿನಲ್ಲಿ ಮಾಯವಾಗುವ ದಾರಿ. ನಮ್ಮೂರಿನ ತೋಟದ ಓಣಿಯ ಹಾಗೇ. ಕಾರು ನಿಲ್ಲಿಸಿ ಅಂದರೆ ಯಾರು ನಿಲ್ಲಿಸುತ್ತಾರೆ? ಸೈಕಲ್ಲೇ ಸರಿ ಅಂತ ನಿರ್ಧಾರ ಮಾಡಿದೆ.

ಮೊದಲ ತಯಾರಿ ಡಬ್ಲಿನ್ ಪಕ್ಕದ ವಿಕ್ಲೋ ಬೆಟ್ಟಗಳಲ್ಲಿ. ಚಳಿಗಾಲ ಮುಗಿದ ಮೇಲೆ ಪ್ರತಿ ಭಾನುವಾರ ಹೋಗುತ್ತಿದ್ದೆ. ರಾತ್‌ಫಾರ್ನ್‌ಹಮ್‌ನಿಂದ ಹತ್ತಿ ಸ್ಯಾಲಿ ಗ್ಯಾಪ್ ಕಡೆಗೆ ಹೋಗುವ ರಸ್ತೆಗೆ ಇವತ್ತಿಗೂ ಮಿಲಿಟರಿ ರೋಡ್ ಅಂತಲೇ ಹೆಸರು. 1798ರ ದಂಗೆಯ ನಂತರ ಬಂಡುಕೋರರು ವಿಕ್ಲೋ ಬೆಟ್ಟಗಳಲ್ಲಿ ಅಡಗಿದ್ದರು. ಅವರನ್ನು ಹಿಡಿಯುವುದಕ್ಕೆ ಬ್ರಿಟಿಷ್ ಸರ್ಕಾರ 1800ರಿಂದ 1809ರವರೆಗೆ ಕಡಿಸಿದ ರಸ್ತೆ ಅದು. ಅದರ ಗುರಿ ಊರಲ್ಲ, ಕಾಡುಮೇಡು. ಹಾಗಾಗಿ ಗ್ಲೆನ್‌ಕ್ರೀ ದಾಟಿದರೆ ಲಾರಾ ಎಂಬ ಊರು ಸಿಗುವವರೆಗೆ ಒಂದು ಅಂಗಡಿ ಇಲ್ಲ, ನಲ್ಲಿ ಇಲ್ಲ. ಬರೀ ಜವುಗು, ಗಾಳಿ, ಕಪ್ಪು ನೀರಿನ ಗುಂಡಿಗಳು. ಮೊದಲ ಭಾನುವಾರ ಒಂದೇ ಬಾಟಲಿ ನೀರು ತಗೊಂಡು ಹೋಗಿ ಗಂಟಲು ಒಣಗಿಸಿಕೊಂಡೆ. ಸೈನ್ಯದವರು ಮಾಡಿದ ರಸ್ತೆಗೆ ಸೈನ್ಯದ ಹಾಗೇ ಬುತ್ತಿ ಕಟ್ಟಿಕೊಂಡು ಹೋಗಬೇಕು ಅಂತ ಆಗ ಕಲಿತೆ.

ಲಾರಾ ದಾಟಿ ಗ್ಲೆನ್‌ಮಲೂರ್ ಕಡೆಗೆ ಅದೇ ರಸ್ತೆ ಮತ್ತೊಂದು ಏರು ಹತ್ತುತ್ತದೆ. ಅದರ ತುದಿಯಲ್ಲಿ ಶೇ ಎಲಿಯಟ್ ನೆನಪಿನ ಕಲ್ಲು ಇದೆ. 1963ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯದಲ್ಲಿ, ಎಲ್ಲರಿಗಿಂತ ಮುಂದಿರುವವರು ತೊಡುವ ಹಳದಿ ಅಂಗಿ ತೊಟ್ಟ ಮೊದಲ ಐರಿಷ್ ಸವಾರ ಆತ. ಆ ಕಲ್ಲಿಗೆ ಸೈಕಲ್ ಒರಗಿಸಿ, ಸುಮ್ನೆ ಐದು ನಿಮಿಷ ನಿಂತಿದ್ದೆ. ಇಂಥ ದಿಬ್ಬಗಳಲ್ಲಿ ತುಳಿದೇ ಒಬ್ಬ ಹುಡುಗ ಅಲ್ಲಿಯವರೆಗೆ ಹೋದನಲ್ಲ ಅನ್ನಿಸಿ ಮೈ ಜುಮ್ಮೆಂದಿತು.

ಇಲ್ಲಿ ಎತ್ತರದ ವಿಷಯ ಸ್ವಲ್ಪ ಹೇಳಬೇಕು. ಇಡೀ ಐರ್ಲೆಂಡಿನ ಅತಿ ಎತ್ತರದ ಬೆಟ್ಟ ಕ್ಯಾರಂಟೂಹಿಲ್, 1,038 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತದೆ. ಊರಿನ ಗೆಳೆಯರಿಗೆ ಇದನ್ನು ಹೇಳಿದರೆ, ಅಷ್ಟೇನಾ ಅನ್ನುತ್ತಾರೆ. ಆದರೆ ಇಲ್ಲಿ ಏರು ಶುರುವಾಗುವುದೇ ಸಮುದ್ರ ಮಟ್ಟದಿಂದ. ಹತ್ತಿದ್ದನ್ನೆಲ್ಲ ಇಳಿದು ಮತ್ತೆ ಸಮುದ್ರಕ್ಕೇ ಬರುತ್ತೀರಿ. ಮತ್ತೆ ಹತ್ತುತ್ತೀರಿ. ಆಗುಂಬೆ ಘಾಟಿ ಹಾಗಲ್ಲ. ಸೋಮೇಶ್ವರದಿಂದ 14 ತಿರುವು ಹತ್ತಿ ಮುಗಿಸಿದರೆ ಮೇಲೆ ಮಲೆನಾಡು ಹಾಸಿಕೊಂಡಿರುತ್ತದೆ. ಕೆರಿಯಲ್ಲಿ ಮೇಲೆ ಏನೂ ಹಾಸಿಕೊಂಡಿಲ್ಲ. ತುದಿ ಮುಟ್ಟಿದ ತಕ್ಷಣ ಇಳಿಜಾರು.

ದಾರಿ ಆರಿಸಿದ್ದು ಹೀಗೆ. ಕಿಲಾರ್ನಿಯಿಂದ ಹೊರಟು ಮಾಲ್ಸ್ ಗ್ಯಾಪ್ ದಾಟಿ ಕೆನ್‌ಮೇರ್. ಅಲ್ಲಿಂದ ಬೇರಾ ಎಂಬ ಚಾಚುನೆಲಕ್ಕೆ ಹೋಗಿ, ಹೀಲಿ ಪಾಸ್ ಮೇಲೆ ಅದನ್ನು ಅಡ್ಡ ದಾಟಿ ಗ್ಲೆನ್‌ಗ್ಯಾರಿಫ್. ಮೂರನೇ ದಿನ ಕಾಹಾ ಪಾಸ್ ಮೇಲೆ ವಾಪಸ್ ಕೆನ್‌ಮೇರ್. ಕೊನೇ ದಿನ ಬ್ಲ್ಯಾಕ್ ವ್ಯಾಲಿ, ಗ್ಯಾಪ್ ಆಫ್ ಡನ್‌ಲೋ, ಮತ್ತೆ ಕಿಲಾರ್ನಿ. ಒಟ್ಟು 160 ಕಿ.ಮೀ. ಆಸುಪಾಸು. ಕಾರಿನವರು ಒಂದು ದಿನದಲ್ಲಿ ಹೋಗುವುದನ್ನು ನಾನು ನಾಲ್ಕು ದಿನಕ್ಕೆ ಹಂಚಿಕೊಂಡೆ. ಕಡಿಮೆ ಆಯಿತು ಅಂತ ಒಂದು ಕ್ಷಣವೂ ಅನ್ನಿಸಲಿಲ್ಲ.

ಯಾವ ಸುತ್ತು ಹಿಡಿಯಬೇಕು ಅನ್ನುವುದನ್ನು ನಿರ್ಧರಿಸಿದ್ದು ಗಾಳಿ. ಇಲ್ಲಿ ಜಾಸ್ತಿ ದಿನ ಗಾಳಿ ಬೀಸುವುದು ನೈರುತ್ಯದಿಂದ, ಅಟ್ಲಾಂಟಿಕ್ ಕಡೆಯಿಂದ. ಕೆನ್‌ಮೇರ್‌ನಿಂದ ಲಾರಾಕ್ ಎಂಬ ಊರಿಗೆ ಹೋಗುವ ರಸ್ತೆ ನೈರುತ್ಯಕ್ಕೇ ಮುಖ ಮಾಡಿದೆ. ಅಂದರೆ ಎದುರುಗಾಳಿ. ಅದನ್ನು ಬೆಳಗ್ಗೆ, ಕಾಲು ಹೊಸದಾಗಿರುವಾಗ ಮುಗಿಸಿದರೆ, ಬೆಟ್ಟದ ಆಚೆ ಬದಿಯಲ್ಲಿ ಗ್ಲೆನ್‌ಗ್ಯಾರಿಫ್ ಕಡೆಗೆ ತಿರುಗಿದಾಗ ಅದೇ ಗಾಳಿ ಬೆನ್ನಿಗೆ ಬರುತ್ತದೆ. ಈ ಒಂದು ಲೆಕ್ಕ ಸರಿ ಮಾಡಿದ್ದಕ್ಕೆ ಆಮೇಲೆ ನನಗೆ ನಾನೇ ಕೈ ಮುಗಿದುಕೊಂಡೆ.

ಸೈಕಲ್ ಹಳೆಯದು, ಉಕ್ಕಿನದು, ರಬ್ಬರ್ ಪ್ಯಾಡು ಚಕ್ರದ ರಿಮ್ಮನ್ನೇ ಒತ್ತಿ ನಿಲ್ಲಿಸುವ ರಿಮ್ ಬ್ರೇಕಿನದು. ಹಿಂದಿನ ಗೇರು ಮಾತ್ರ ಬದಲಾಯಿಸಿದೆ. ಮುಂದೆ 34 ಹಲ್ಲು, ಹಿಂದೆ ಕೂಡ 34 ಹಲ್ಲು. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ ಒಂದೇ ಸುತ್ತು. ಎರಡು ಬ್ಯಾಗಿನಲ್ಲಿ ಬಟ್ಟೆ, ಮಳೆ ಅಂಗಿ, ಎರಡು ಟ್ಯೂಬು, ಒಂದು ಜೊತೆ ಬ್ರೇಕ್ ಪ್ಯಾಡು, ಒಂದು ಡಬ್ಬಿ ಒಗ್ಗರಣೆ ಅವಲಕ್ಕಿ. ಅವಲಕ್ಕಿ ಹಗುರ, ಕೆಡುವುದಿಲ್ಲ, ಒಂದು ಹಿಡಿ ಬಾಯಿಗೆ ಹಾಕಿದರೆ ಹತ್ತು ಕಿಲೋಮೀಟರ್ ಹೋಗಬಹುದು. ಅಂಗಡಿಯಲ್ಲಿ ಸಿಗುವ ಯಾವ ಎನರ್ಜಿ ಬಾರಿಗಿಂತಲೂ ನನಗೆ ಅದೇ ಹಿಡಿಸುತ್ತದೆ. ರೈಲಿನಲ್ಲಿ ಸೈಕಲ್‌ಗೂ ಮೊದಲೇ ಜಾಗ ಕಾದಿರಿಸಬೇಕು. ಒಂದು ರೈಲಿಗೆ ಬೆರಳೆಣಿಕೆಯಷ್ಟು ಜಾಗ. ನಾನು ಮೊದಲು ಅದನ್ನು ಹಿಡಿದು, ಆಮೇಲೆ ರಜೆ ಕೇಳಿದೆ.

ಮೇ ತಿಂಗಳ ಕೊನೆ. ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ಹೊರಟು, ಮ್ಯಾಲೋದಲ್ಲಿ ರೈಲು ಬದಲಿಸಿ, ಮಧ್ಯಾಹ್ನಕ್ಕೆ ಕಿಲಾರ್ನಿ. ಆ ದಿನ ಬರೀ 33 ಕಿ.ಮೀ. ರಾತ್ರಿ ಒಂಬತ್ತೂವರೆಗೂ ಬೆಳಕಿರುವ ಕಾಲ. ಅವಸರ ಇರಲಿಲ್ಲ. ನಮ್ಮಲ್ಲಿಯ ಹಾಗೇ ಇಲ್ಲೂ ರಸ್ತೆಯ ಎಡಗಡೆ ಹೋಗುವುದು. ಹಾಗಾಗಿ ಆ ಒಂದು ಗೊಂದಲವೂ ಇಲ್ಲ.

ಕಿಲಾರ್ನಿ ರಾಷ್ಟ್ರೀಯ ಉದ್ಯಾನದ ಒಳಗೆ ಕೆರೆಗಳ ದಡದಲ್ಲಿ ರಸ್ತೆ ಹತ್ತುತ್ತದೆ. ಎರಡೂ ಕಡೆ ಓಕ್ ಮರ. ಮರದ ಬೊಡ್ಡೆಯಿಂದ ಕೊಂಬೆಯವರೆಗೆ ಪಾಚಿ. ಪಾಚಿಯ ಮೇಲೆ ಜರಿಗಿಡ. ಕಣ್ಣು ಅರೆ ಮುಚ್ಚಿ ನೋಡಿದರೆ ಕುಂದಾದ್ರಿ ಕಡೆಯ ಕಾಡೇ. ಮೇಲೆ ಲೇಡೀಸ್ ವ್ಯೂ ಅಂತ ಒಂದು ತಿರುವು. 1861ರಲ್ಲಿ ವಿಕ್ಟೋರಿಯಾ ರಾಣಿ ಬಂದಾಗ ಅವಳ ಸಖಿಯರು ಮೆಚ್ಚಿದ ನೋಟ ಅಂತ ಆ ಹೆಸರು. ಬಸ್ಸುಗಳು ಸಾಲಾಗಿ ನಿಂತಿದ್ದವು. ನಾನು ನಿಲ್ಲಲಿಲ್ಲ. ನಿಂತರೆ ಮತ್ತೆ ಏರಿನಲ್ಲಿ ಹೊರಡುವುದು ಕಷ್ಟ.

ಮಾಲ್ಸ್ ಗ್ಯಾಪ್ ಕತೆ ನನಗೆ ರಾಣಿಯ ಕತೆಗಿಂತ ಇಷ್ಟ. 1820ರ ದಶಕದಲ್ಲಿ ಈ ರಸ್ತೆ ಕಡಿಯುತ್ತಿದ್ದಾಗ ಮಾಲ್ ಕಿಸೇನ್ ಎಂಬ ಹೆಂಗಸು ಇಲ್ಲಿ ಪರವಾನಗಿ ಇಲ್ಲದ ಗಡಂಗು ಇಟ್ಟು, ಕೂಲಿಯವರಿಗೆ ತಾನೇ ಕಾಯಿಸಿದ ಸಾರಾಯಿ ಮಾರುತ್ತಿದ್ದಳಂತೆ. ರಸ್ತೆ ಮಾಡಿಸಿದ ದೊಡ್ಡವರ ಹೆಸರು ಯಾರ ಬಾಯಲ್ಲೂ ಇಲ್ಲ. ಅವಳ ಹೆಸರು ನಕ್ಷೆಯಲ್ಲಿ ಕೂತಿದೆ. 262 ಮೀಟರ್ ಎತ್ತರದ ಆ ಕಣಿವೆ ಬಾಯಿಯಿಂದ ಕೆನ್‌ಮೇರ್‌ಗೆ ಹತ್ತು ಕಿಲೋಮೀಟರ್ ಇಳಿಜಾರು. ತುಳಿಯುವ ಕೆಲಸವೇ ಇಲ್ಲ. ಸಂಜೆ ಊಟಕ್ಕೆ ತರಕಾರಿ ಸೂಪು, ಕಂದು ಬ್ರೆಡ್ಡು. ಮಾಂಸ ತಿನ್ನದವರಿಗೆ ಐರ್ಲೆಂಡಿನ ಹಳ್ಳಿಗಳಲ್ಲಿ ಇದು ಕೈಬಿಡದ ಜೋಡಿ.

ಎರಡನೇ ದಿನ ಬೆಳಗ್ಗೆ ಮಳೆ. ದಪ್ಪ ಹನಿ ಅಲ್ಲ, ಕಣ್ಣಿಗೇ ಕಾಣದ ಸೋನೆ. ಇಲ್ಲಿಯವರು ಇದಕ್ಕೆ ಸಾಫ್ಟ್ ಡೇ, ಮೆತ್ತನೆ ದಿನ ಅನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಅಪ್ಪ ಕಂಬಳಿ ಕೊಪ್ಪೆ ಹೊದ್ದು ಗದ್ದೆಗೆ ಹೊರಡುವುದು ನೆನಪಾಗುತ್ತದೆ. ಮಳೆಯನ್ನು ಬೈಯದೆ ಅದರ ಬಗೆ ಬಗೆಗೆ ಹೆಸರಿಟ್ಟು ಕರೆಯುವ ಜನ ಎಲ್ಲಿದ್ದರೂ ನಮ್ಮವರೇ ಅನ್ನಿಸುತ್ತದೆ.

ಕೆನ್‌ಮೇರ್ ಬಿಟ್ಟು ಒಂದು ಗಂಟೆ ಆಗಿರಬೇಕು. ಎದುರುಗಾಳಿ ಚೆನ್ನಾಗಿಯೇ ಇತ್ತು. ಫೋನಿನ ನಕ್ಷೆ ಎಡಕ್ಕೆ ಒಂದು ಸಣ್ಣ ರಸ್ತೆ ತೋರಿಸಿ, ಇಲ್ಲಿ ಹೋದರೆ ಎರಡು ಕಿ.ಮೀ. ಉಳಿತಾಯ ಅಂದಿತು. ಬೇಲಿ, ನಡುವೆ ಹುಲ್ಲು, ನಾನು ಆಸೆಪಟ್ಟ ಓಣಿಯೇ. ತಿರುಗಿಸಿದೆ. ಬೇಲಿಗಳಲ್ಲಿ ಗಾರ್ಸ್ ಹೂವು ಇನ್ನೂ ಉಳಿದಿತ್ತು. ಮುಳ್ಳುಕಂಟಿಯ ತುಂಬ ಹಳದಿ. ಅದರ ವಾಸನೆ ನಂಬಲಾಗದಷ್ಟು ಕೊಬ್ಬರಿಯ ವಾಸನೆ. ಈಗಷ್ಟೇ ಬಾಟಲಿ ತೆರೆದ ಕೊಬ್ಬರಿ ಎಣ್ಣೆಯ ಹಾಗೆ. ಒದ್ದೆ ಗಾಳಿಯಲ್ಲಿ ಅದು ಇನ್ನೂ ಗಾಢ. ಹಿಗ್ಗಿನಿಂದ ಇನ್ನೂರು ಮೀಟರ್ ಹೋದೆ. ರಸ್ತೆ ತಲೆ ಎತ್ತಿತು.

ತಿರುವಿಲ್ಲ, ಬಳಸಿಲ್ಲ. ಏಣಿ ಒರಗಿಸಿದ ಹಾಗೆ ನೇರ ಮೇಲಕ್ಕೆ. ಒದ್ದೆ ಹುಲ್ಲಿನ ಮೇಲೆ ಹಿಂದಿನ ಚಕ್ರ ಜಾರಿತು. ಅತಿ ಚಿಕ್ಕ ಗೇರಿನಲ್ಲೂ ಮುಂದಿನ ಚಕ್ರ ನೆಲ ಬಿಡುವ ಹಾಗೆ ಆಯಿತು. ಇಳಿದೆ. ತಳ್ಳಿದೆ. ಹತ್ತು ಹೆಜ್ಜೆ, ನಿಲ್ಲು. ಹತ್ತು ಹೆಜ್ಜೆ, ನಿಲ್ಲು. ಬೂಟಿನ ಅಡಿಯ ಕಬ್ಬಿಣದ ಕ್ಲೀಟು ಡಾಂಬರಿನ ಮೇಲೆ ಕರಕರ ಅನ್ನುತ್ತಿತ್ತು. ಮೇಲೆ ತಲುಪಿದರೆ ಮುಚ್ಚಿದ ಗೇಟು. ಅದರ ಆಚೆ ಹತ್ತಾರು ಹಸುಗಳು ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದವು. ಗೇಟಿನ ಹತ್ತಿರ ಕ್ವಾಡ್ ಬೈಕ್ ಮೇಲೆ ಕೂತಿದ್ದ ವಯಸ್ಸಾದ ರೈತರೊಬ್ಬರು ನನ್ನ ಅವಸ್ಥೆ ನೋಡಿ, ಇದು ಹಸುಗಳಿಗೆ ಮಾಡಿದ ದಾರಿ ಕಣಮ್ಮ, ಚಕ್ರಕ್ಕೆ ಅಲ್ಲ ಅಂದರು. ಮುಂದೆ ದಾರಿ ಇದೆ, ಆದರೆ ಕೆಸರು ಅಂತಲೂ ಹೇಳಿದರು. ಅವರ ಮಾತು ಕೇಳಿ ವಾಪಸ್ ಮುಖ್ಯ ರಸ್ತೆಗೆ ಇಳಿದೆ.

ಅವರು ಹೇಳಿದ್ದು ಬರೀ ಮಾತಲ್ಲ. ಐರಿಷ್ ಭಾಷೆಯಲ್ಲಿ ರಸ್ತೆಗೆ ಬೋಹರ್ ಅನ್ನುತ್ತಾರೆ. ಬೋ ಅಂದರೆ ಹಸು. ಆ ಪದ ಹುಟ್ಟಿದ್ದೇ ಹಸುವಿನಿಂದ. ಸಣ್ಣ ರಸ್ತೆ ಬೊಹರೀನ್. ಇಂಗ್ಲಿಷಿಗೆ ಬಂದು ಬೊರೀನ್ ಆಗಿದೆ. ಹಸುವಿಗೆ ತಿರುವು ಮುರುವು ಬೇಕಿಲ್ಲ. ಹುಲ್ಲುಗಾವಲು ಮೇಲಿದ್ದರೆ ನೇರ ಮೇಲಕ್ಕೆ ಹೋಗುತ್ತದೆ. ಅದರ ಹಿಂದೆ ಮನುಷ್ಯ ಹೋದ. ನೂರಾರು ವರ್ಷ ಕಳೆದ ಮೇಲೆ ಯಾರೋ ಅದರ ಮೇಲೇ ಡಾಂಬರು ಸುರಿದರು. ಈಗ ಫೋನಿನ ನಕ್ಷೆ ಅದನ್ನು ರಸ್ತೆ ಅನ್ನುತ್ತದೆ. ನಮ್ಮಲ್ಲೂ ದನ ಹೋಗುವ ಜಾಡೇ ಗಾಡಿ ದಾರಿ ಆಗಿದ್ದು ಎಷ್ಟಿಲ್ಲ, ಅಲ್ವಾ?

ಲಾರಾಕ್‌ನಲ್ಲಿ ಚಹಾ ಕುಡಿದು ಹೀಲಿ ಪಾಸ್‌ಗೆ ಹೊರಟಾಗ ಒಳಗೊಳಗೇ ಹೆದರಿಕೆ. ಪುಟ್ಟ ದಿಬ್ಬಕ್ಕೇ ಹೀಗಾದರೆ ಸಮುದ್ರ ಮಟ್ಟದಿಂದ 300 ಮೀಟರ್ ಸುಮಾರಿಗೆ ಏರುವ ಇದು ಹೇಗೋ ಏನೋ. ಮೊದಲು ಮರಗಳ ನೆರಳು. ಆಮೇಲೆ ಬಯಲು. ಎಡಕ್ಕೆ ಒಂದು ತಿರುವು, ಬಲಕ್ಕೆ ಒಂದು. ಕಾಯುತ್ತಿದ್ದೆ, ಈಗ ಕಡಿದಾಗುತ್ತದೆ, ಈಗ ಆಗುತ್ತದೆ ಅಂತ. ಆಗಲೇ ಇಲ್ಲ. ಉಸಿರು ಸಮವಾಗಿತ್ತು. ಕಾಲು ತನ್ನ ಪಾಡಿಗೆ ತಿರುಗುತ್ತಿತ್ತು. ಹಿಂದೆ ಇನ್ನೂ ಒಂದು ಚಿಕ್ಕ ಗೇರು ಬಾಕಿಯೇ ಇತ್ತು. ಕೆಳಗೆ ಗ್ಲೆನ್‌ಮೋರ್ ಕೆರೆ ಚಿಕ್ಕದಾಗುತ್ತಾ ಹೋಯಿತು. ರಸ್ತೆಯ ನಡುವೆ ಕುರಿಗಳು ಮಲಗಿದ್ದವು. ಒಬ್ಬೊಬ್ಬ ಯಜಮಾನನದು ಒಂದೊಂದು ಬಣ್ಣ. ಬೆನ್ನಿನ ಮೇಲೆ ನೀಲಿ ಮಚ್ಚೆ, ಸೊಂಟದ ಮೇಲೆ ಕೆಂಪು ಗೆರೆ. ಒಂದು ಕುರಿ ನನ್ನ ಚಕ್ರ ಮುಟ್ಟುವಷ್ಟು ಹತ್ತಿರ ಬರುವವರೆಗೂ ಏಳಲಿಲ್ಲ. ಅದರ ಉಣ್ಣೆಯ ತುದಿ ತುದಿಗೆ ಮಳೆ ಹನಿ ಕೂತು, ಇಡೀ ಮೈ ಬೂದು ಮುತ್ತು ಪೋಣಿಸಿದ ಹಾಗಿತ್ತು.

ತುದಿಯಲ್ಲಿ ಶಿಲುಬೆಗೇರಿದ ಏಸುವಿನ ಬಿಳಿ ಮೂರ್ತಿ. ಅದೇ ಕೆರಿ ಮತ್ತು ಕಾರ್ಕ್ ಜಿಲ್ಲೆಗಳ ಗಡಿ. ಅಲ್ಲಿ ನಿಂತು ದಕ್ಷಿಣಕ್ಕೆ ನೋಡಿದೆ. ರಸ್ತೆ ಬಿಚ್ಚಿ ಎಸೆದ ಹಗ್ಗದ ಹಾಗೆ ಸುರುಳಿ ಸುರುಳಿಯಾಗಿ ಕೆಳಗೆ ಬಿದ್ದಿತ್ತು. ಅದರ ಆಚೆ ಬ್ಯಾಂಟ್ರಿ ಕೊಲ್ಲಿ. ಬಲಕ್ಕೆ 685 ಮೀಟರ್ ಎತ್ತರದ ಹಂಗ್ರಿ ಹಿಲ್ ಮೋಡದಲ್ಲಿ ತಲೆ ತೂರಿಸಿಕೊಂಡಿತ್ತು.

ಈ ರಸ್ತೆ ಶುರುವಾದದ್ದು 1847ರಲ್ಲಿ. ಐರ್ಲೆಂಡಿನವರಿಗೆ ಆ ವರ್ಷ ಅಂದರೆ ಬೇರೆ ವಿವರಣೆ ಬೇಡ. 1845ರಲ್ಲಿ ಆಲೂಗಡ್ಡೆಗೆ ರೋಗ ತಗುಲಿತು. ಬಡವರ ಊಟ ಅಂದರೆ ಅದೊಂದೇ ಆಗಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಜನ ಹಡಗು ಹತ್ತಿದರು. ಪುಕ್ಕಟೆ ಅನ್ನ ಹಾಕಬಾರದು, ಕೆಲಸ ಮಾಡಿದರೆ ಕೂಲಿ ಕೊಡೋಣ ಅಂತ ಸರ್ಕಾರ ಹೇಳಿತು. ಹಸಿದವರ ಕೈಗೆ ಗುದ್ದಲಿ ಕೊಟ್ಟು ರಸ್ತೆ ಕಡಿಯಲು ಹಚ್ಚಿತು. 1847ರ ಮಾರ್ಚ್ ತಿಂಗಳಲ್ಲಿ ದೇಶದ ತುಂಬ 7 ಲಕ್ಷಕ್ಕೂ ಜಾಸ್ತಿ ಜನ ಇಂಥ ಕೆಲಸದಲ್ಲಿದ್ದರು. ಕೊಟ್ಟ ಕೂಲಿಗೆ ಆಗಿನ ಬೆಲೆಯಲ್ಲಿ ಮನೆಮಂದಿಗೆಲ್ಲ ಊಟ ಬರುತ್ತಿರಲಿಲ್ಲ. ಆಮೇಲೆ ಈ ರಸ್ತೆಯನ್ನು ಸರಿಪಡಿಸಿದಾಗ, ಪಕ್ಕದ ಬ್ಯಾಂಟ್ರಿಯಲ್ಲಿ ಹುಟ್ಟಿ ಐರಿಷ್ ಮುಕ್ತ ರಾಜ್ಯದ ಮೊದಲ ಗವರ್ನರ್ ಜನರಲ್ ಆಗಿದ್ದ ಟಿಮ್ ಹೀಲಿಯ ಹೆಸರಿಟ್ಟರು.

ನನ್ನ ಕಾಲು ಯಾಕೆ ನೋಯಲಿಲ್ಲ ಅಂದರೆ ಇದಕ್ಕೇ. ಇದು ಹಸು ನಡೆದು ಮಾಡಿದ ದಾರಿಯಲ್ಲ. ಬೆಟ್ಟದ ಮೈ ಅಳೆದು, ಏರು ಶೇ. 5ರ ಆಸುಪಾಸು ಇರುವ ಹಾಗೆ ಬಳಸಿ ಬಳಸಿ, ಬಂಡೆ ಒಡೆದು, ಕಲ್ಲು ಹೊತ್ತು ಮಾಡಿದ ದಾರಿ. ಆ ಕಲ್ಲು ಹೊತ್ತವರ ಹೊಟ್ಟೆ ಖಾಲಿ ಇತ್ತು. ರಸ್ತೆಯ ಅಂಚಿನಲ್ಲಿ ಒಂದು ಹಳೆಯ ಕಟ್ಟೆ ಉಳಿದಿದೆ. ಗಾರೆ ಇಲ್ಲದೆ ಒಂದರ ಮೇಲೊಂದು ಕೂರಿಸಿದ ಕಲ್ಲು. ಕೈಗವಸು ತೆಗೆದು ಅದನ್ನು ಮುಟ್ಟಿದೆ. ತಣ್ಣಗಿತ್ತು, ಒರಟಾಗಿತ್ತು, ಸಂದಿಯಲ್ಲಿ ಬಿಳಿ ಕಲ್ಲುಹೂ.

ಅಜ್ಜಿ ಧಾತು ಈಶ್ವರ ಬರದ ಹೆಸರು ಹೇಳುತ್ತಿದ್ದಳು. ಅವಳು ಕಂಡದ್ದಲ್ಲ, ಅವಳ ಅಜ್ಜಿಯ ಬಾಯಿಂದ ಕೇಳಿದ್ದು. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಉರಿಸಿದ ಬರ. ಬೆಂಗಳೂರು–ಮೈಸೂರು ರೈಲು ದಾರಿಯ ಕೆಲಸಕ್ಕೂ ಆಗ ಹಸಿದವರನ್ನೇ ಹಚ್ಚಿದ್ದರು. ಆ ರೈಲಿನಲ್ಲಿ ನಾನು ಎಷ್ಟು ಸಲ ಮದ್ದೂರು ವಡೆ ತಿನ್ನುತ್ತಾ ಹೋಗಿದ್ದೇನೋ. ಒಮ್ಮೆಯೂ ಇದು ನೆನಪಾಗಿರಲಿಲ್ಲ. ಹೀಲಿ ಪಾಸ್ ಮೇಲೆ, ಮಳೆಯಲ್ಲಿ, ಡಬ್ಬಿ ತೆರೆದು ಅವಲಕ್ಕಿ ಬಾಯಿಗೆ ಹಾಕುವಾಗ ನೆನಪಾಯಿತು. ನುಂಗಲು ಸ್ವಲ್ಪ ಹೊತ್ತು ಹಿಡಿಯಿತು.

ಇಳಿಯುವಾಗ ತೊಂದರೆ ಶುರು. ಮಳೆಯಲ್ಲಿ ರಿಮ್ಮಿಗೆ ಮರಳು ಮೆತ್ತಿಕೊಂಡು ಬ್ರೇಕು ಕಿರ್ರೆಂದು ಕೂಗತೊಡಗಿತು. ನಾಲ್ಕನೇ ತಿರುವಿಗೆ ಬರುವಾಗ ಹಿಂದಿನ ಬ್ರೇಕಿನ ಹಿಡಿ ಒತ್ತಿದರೆ ಹ್ಯಾಂಡಲ್‌ಗೇ ತಾಗಿತು. ಹಿಡಿತವೇ ಇಲ್ಲ. ಮುಂದಿನದೊಂದರಲ್ಲೇ ನಿಧಾನವಾಗಿ, ಒಂದು ಕಾಲು ನೆಲಕ್ಕೆ ತಾಗಿಸಿಕೊಂಡು, ಅತಿ ಕಡಿದಾದ ಎರಡು ತಿರುವಿನಲ್ಲಿ ಇಳಿದು ನಡೆದೆ. ಏಡ್ರಿಗೋಲ್ ತಲುಪಿದಾಗ ಕೈ ಬೆರಳು ಮಡಿಚಲು ಬರುತ್ತಿರಲಿಲ್ಲ. ಅಲ್ಲಿಂದ ಗ್ಲೆನ್‌ಗ್ಯಾರಿಫ್‌ಗೆ ಹದಿನೆಂಟು ಕಿ.ಮೀ. ಬೆನ್ನಿಗೆ ಗಾಳಿ. ಅದೊಂದು ನನ್ನನ್ನು ತಳ್ಳಿಕೊಂಡು ಹೋಯಿತು.

ಆ ಸಂಜೆ ಉಳಿದ ಮನೆಯ ಹಿತ್ತಿಲಿನಲ್ಲಿ ಸೈಕಲ್ ತಲೆಕೆಳಗು ಮಾಡಿ ಕೂತೆ. ಮನೆಯೊಡತಿ ಕೇಳದೆಯೇ ಒಂದು ಬೇಸಿನ್ ಬಿಸಿ ನೀರು, ಹಳೆ ಬಟ್ಟೆ ತಂದಿಟ್ಟರು. ಪ್ಯಾಡು ಬಿಚ್ಚಿದರೆ ರಬ್ಬರು ಬೀಡಿಯ ಮೋಟಿನಷ್ಟೂ ಉಳಿದಿರಲಿಲ್ಲ. ಉಳಿದದ್ದರ ಒಳಗೆ ಅಲ್ಯೂಮಿನಿಯಂನ ಸಣ್ಣ ಚೂರುಗಳು ಚುಚ್ಚಿಕೊಂಡು ಹೊಳೆಯುತ್ತಿದ್ದವು. ಮರಳು ರಿಮ್ಮನ್ನೇ ಕೆರೆದು ತೆಗೆದ ಚೂರು. ರಿಮ್ಮಿನ ಮೇಲೆ ಕಾಡಿಗೆಯ ಹಾಗೆ ಕರಿ ಲೇಪ. ಒರೆಸಿ, ಹೊಸ ಪ್ಯಾಡು ಹಾಕಿ, ಅದು ಟೈರಿಗೆ ತಾಗದೆ ರಿಮ್ಮಿನ ನಡುವೆ ಕೂರುವ ಹಾಗೆ ಬಿಗಿ ಮಾಡಿದೆ. ಒಂದು ಜೊತೆ ಪ್ಯಾಡಿನ ತೂಕ ಏನೂ ಇಲ್ಲ. ಮಳೆ ಬೀಳುವ ಬೆಟ್ಟಕ್ಕೆ ರಿಮ್ ಬ್ರೇಕಿನ ಸೈಕಲ್ ಒಯ್ಯುವವರು ಎರಡು ಜೊತೆಯೇ ಇಟ್ಟುಕೊಳ್ಳಿ. ಹೊಸದಾಗಿ ಕೊಳ್ಳುವವರು ಡಿಸ್ಕ್ ಬ್ರೇಕಿನದೇ ಕೊಳ್ಳಿ.

ಆಮೇಲೆ ಕಾಗದದ ನಕ್ಷೆ ಬಿಡಿಸಿದೆ. ಐರ್ಲೆಂಡಿನ ಸರ್ಕಾರಿ ನಕ್ಷೆ, 1:50,000 ಅಳತೆಯದು. ಎರಡು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಪ್ರತಿ 10 ಮೀಟರ್ ಎತ್ತರಕ್ಕೆ ಒಂದು ಕಂದು ಗೆರೆ. ರಸ್ತೆ ಒಂದು ಕಿಲೋಮೀಟರಿನಲ್ಲಿ ಐದು ಗೆರೆ ದಾಟಿದರೆ ಏರು ಶೇ. 5. ಹತ್ತು ಗೆರೆ ದಾಟಿದರೆ ಶೇ. 10. ಬೆಳಗಿನ ಹಸುವಿನ ದಾರಿ ಹುಡುಕಿ ಎಣಿಸಿದೆ. ಅರ್ಧ ಕಿಲೋಮೀಟರಿನೊಳಗೆ ಎಂಟು ಗೆರೆ. ಅಂದರೆ ಶೇ. 16. ಗೆರೆಗಳನ್ನು ಅದು ಅಡ್ಡಡ್ಡ ಕತ್ತರಿಸಿಕೊಂಡು ಹೋಗಿತ್ತು. ಹೀಲಿ ಪಾಸ್ ಹಾಗಲ್ಲ. ಗೆರೆಗಳ ಜೊತೆ ಜೊತೆಗೇ ನಡೆದು, ಒಂದೊಂದನ್ನೇ ಮೆಲ್ಲಗೆ ದಾಟಿತ್ತು. ಬ್ಯಾಗು ಹೇರಿದ ಸೈಕಲ್ಲಿಗೆ ನಾನು ಈಗ ದಾರಿ ನೋಡುವುದು ಹೀಗೆ. ಎಷ್ಟು ದೂರ, ಎಷ್ಟು ಎತ್ತರ ಅನ್ನುವುದಕ್ಕಿಂತ ಮೊದಲು, ಈ ರಸ್ತೆಯನ್ನು ಯಾರು, ಯಾತಕ್ಕೆ ಮಾಡಿದರು ಅಂತ ಕೇಳುತ್ತೇನೆ. ಬಂಡಿಗೆ ಮಾಡಿದ್ದಾ, ಹಸುವಿಗಾ, ಸೈನ್ಯಕ್ಕಾ, ಹಸಿದವರ ಕೈಯಲ್ಲಿ ಮಾಡಿಸಿದ್ದಾ. ಉತ್ತರ ಸಿಕ್ಕರೆ ಕಾಲಿಗೆ ಏನು ಕಾದಿದೆ ಅಂತ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಮೂರನೇ ದಿನದ ಕಾಹಾ ಪಾಸ್ ಬಂಡಿಯ ರಸ್ತೆ. ಗ್ಲೆನ್‌ಗ್ಯಾರಿಫ್‌ನಿಂದ ಎಂಟೊಂಬತ್ತು ಕಿ.ಮೀ. ಒಂದೇ ಸಮನೆ ಏರು. ಕುದುರೆ ಬಂಡಿ ಸುಸ್ತಾಗದ ಹಾಗೆ ಎಳೆದ ಗೆರೆ. ಮೇಲೆ ಬಂಡೆ ಕೊರೆದು ಮಾಡಿದ ಸುರಂಗ. ಅದು ದಾಟಿದರೆ ಕೆರಿ ಜಿಲ್ಲೆ, ಇನ್ನಷ್ಟು ಪುಟ್ಟ ಸುರಂಗಗಳು. ಸಿಮೆಂಟು ಹಚ್ಚಿಲ್ಲ. ಬಂಡೆ ಕಡಿದ ಗುರುತು ಹಾಗೇ ಇದೆ. ಮೇಲಿಂದ ನೀರು ತೊಟ್ಟಿಕ್ಕುತ್ತದೆ. ಇದು ಕಾರು, ಬಸ್ಸು ಓಡುವ ದೊಡ್ಡ ರಸ್ತೆ. ಹಾಗಾಗಿ ಒಳಗೆ ಹೋಗುವ ಮೊದಲು ನಿಂತು, ಹಿಂದೆ ಮುಂದೆ ದೀಪ ಹಚ್ಚಿ, ವಾಹನದ ಸದ್ದು ಇಲ್ಲ ಅಂತ ಖಚಿತ ಮಾಡಿಕೊಂಡೇ ನುಗ್ಗಿದೆ. ಆ ದಿನದ ಬಗ್ಗೆ ಇನ್ನು ಹೇಳುವುದು ಜಾಸ್ತಿ ಇಲ್ಲ. ಮಳೆ, ಸುರಂಗ, ಇಳಿಜಾರು, ಮಧ್ಯಾಹ್ನಕ್ಕೆಲ್ಲ ಕೆನ್‌ಮೇರ್, ಬಿಸಿ ಸ್ನಾನ, ನಿದ್ದೆ.

ಕೊನೇ ದಿನ ಬಿಸಿಲು. ಮಾಲ್ಸ್ ಗ್ಯಾಪ್ ಈ ಸಲ ಕೆಳಗಿಂದ ಹತ್ತಿ, ಸ್ನೀಮ್ ಕಡೆಗೆ ಸ್ವಲ್ಪ ಹೋಗಿ ಬಲಕ್ಕೆ ಬ್ಲ್ಯಾಕ್ ವ್ಯಾಲಿಗೆ ಇಳಿದೆ. ಎದುರಿಗೆ ಸಿಗುವ ಒಬ್ಬೊಬ್ಬ ಡ್ರೈವರೂ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಿದ್ದರು. ಹಳ್ಳಿ ಕಡೆಯ ನಮಸ್ಕಾರ ಅದು. ಮೊದಲ ದಿನ ಯಾಕೆ ಅಂತ ತಿಳಿದಿರಲಿಲ್ಲ. ನಾಲ್ಕನೇ ದಿನ ನನ್ನ ಬೆರಳೂ ತಾನಾಗಿ ಏಳುತ್ತಿತ್ತು.

ಬ್ಲ್ಯಾಕ್ ವ್ಯಾಲಿ ಐರ್ಲೆಂಡಿನಲ್ಲಿ ಕರೆಂಟು ಕೊನೆಗೆ ಬಂದ ಜಾಗಗಳಲ್ಲಿ ಒಂದು. 1970ರ ದಶಕದವರೆಗೂ ಇಲ್ಲಿ ದೀಪ ಎಣ್ಣೆಯದು. ಅಲ್ಲೊಂದು ಇಲ್ಲೊಂದು ಮನೆ, ಸುತ್ತ ಬೆಟ್ಟದ ಗೋಡೆ. ನಮ್ಮ ಅಜ್ಜಿ ಮನೆಗೆ ಕರೆಂಟು ಬಂದ ದಿನ ನನಗೆ ನೆನಪಿದೆ. ನಾನು ಮೂರನೇ ಕ್ಲಾಸು. ಬಲ್ಬು ಹೊತ್ತಿದ ತಕ್ಷಣ ಅಜ್ಜಿ ಸೂರಿನ ಕಡೆ ನೋಡಿ, ಇಷ್ಟೊಂದು ಜೇಡರ ಬಲೆ ಇತ್ತಾ ಅಂದಳು. ಇಲ್ಲಿಯ ಯಾವ ಅಜ್ಜಿ ಏನಂದಳೋ. ಒಂದು ಮನೆಯ ಹೊರಗೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಕೈ ಬೀಸಿ, ಬಾಟಲಿ ತುಂಬಿಸಿ ಕೊಟ್ಟರು.

ಅಲ್ಲಿಂದ ಗ್ಯಾಪ್ ಆಫ್ ಡನ್‌ಲೋ ನೆತ್ತಿಗೆ ಚಿಕ್ಕದಾದರೂ ಕಡಿದಾದ ಏರು. ಅತಿ ಚಿಕ್ಕ ಗೇರು, ಎದ್ದು ನಿಂತು ತುಳಿ, ಕೂತು ತುಳಿ. ಇಳಿಯಲಿಲ್ಲ. ಬೆಳಗ್ಗೆಯೇ ಗೆರೆ ಎಣಿಸಿಟ್ಟುಕೊಂಡಿದ್ದೆ. ಎಲ್ಲಿ ಉಸಿರು ಉಳಿಸಬೇಕು, ಎಲ್ಲಿ ಖರ್ಚು ಮಾಡಬೇಕು ಅಂತ ಗೊತ್ತಿತ್ತು. 241 ಮೀಟರ್ ನೆತ್ತಿಯಿಂದ ಆಚೆ ಎಡಕ್ಕೆ ರೀಕ್ಸ್ ಬೆಟ್ಟಸಾಲು, ಬಲಕ್ಕೆ ಪರ್ಪಲ್ ಮೌಂಟನ್, ನಡುವೆ ಕೆರೆಗಳ ಪಕ್ಕ ಬಳುಕುವ ಕಿರು ರಸ್ತೆ. ಪ್ರವಾಸಿಗಳನ್ನು ಕೂರಿಸಿಕೊಂಡ ಕುದುರೆ ಗಾಡಿಗಳು ಎದುರಿಗೆ ಬರುತ್ತಿದ್ದವು. ಇಲ್ಲಿ ಕುದುರೆಯದೇ ಮೊದಲ ಹಕ್ಕು. ಒಂದು ಕಲ್ಲು ಸೇತುವೆಯ ಹತ್ತಿರ ಸೈಕಲ್ ಬದಿಗೆ ಒರಗಿಸಿ ನಿಂತೆ. ಬಿಳಿ ಕುದುರೆಯೊಂದು ಹತ್ತಿರ ಬಂದು, ನನ್ನ ಬ್ಯಾಗಿಗೆ ಮೂಗು ತಾಗಿಸಿ ಜೋರಾಗಿ ಉಸಿರು ಬಿಟ್ಟಿತು. ಡಬ್ಬಿಯ ತಳದಲ್ಲಿ ಒಂದು ಹಿಡಿ ಅವಲಕ್ಕಿ ಉಳಿದಿತ್ತು. ಗಾಡಿಯವರನ್ನು ಕೇಳಿದೆ, ಕೊಡಬಹುದಾ ಅಂತ. ಒಗ್ಗರಣೆಯ ಮೆಣಸಿನಕಾಯಿ ಆರಿಸಿ ತೆಗೆದು ಅಂಗೈ ಚಾಚಿದೆ. ಬೆಚ್ಚಗಿನ, ಒದ್ದೆ ತುಟಿ ಒಂದೇ ಸಲಕ್ಕೆ ಎಲ್ಲ ಬಳಿದುಕೊಂಡಿತು. ಅರಿಶಿನದ ಬಣ್ಣ ಅದರ ಬಿಳಿ ಮೂತಿಗೆ ಹತ್ತಿಕೊಂಡಿತ್ತು. ಗಾಡಿ ಹಾಗೇ ಮುಂದೆ ಹೋಯಿತು.